ಹಿಂಭಾರದ ಗಾಡಿ ಬಾಲ ಬೀಸುವುದೇಕೆ?

ಮಕ್ಕಳೇ, ಎತ್ತಿನ ಗಾಡಿಗೆ ಚೀಲ ಹೇರುವುದನ್ನು ನೀವು ನೋಡಿರಬಹುದು. ಎಲ್ಲವನ್ನೂ ಹಿಂದೆಯೇ ಹೇರಿದರೆ ಗಾಡಿ ಹಿಂಭಾರವಾಗಿ ನೊಗ ಮೇಲೇಳುತ್ತದೆ. ಹಗ್ಗ ಎತ್ತುಗಳ ಕೊರಳನ್ನು ಒತ್ತುತ್ತದೆ. ಮುಂದೆಯೇ ಹೇರಿದರೆ ಮುಂಭಾರವಾಗಿ ಹೆಗಲು ನೋಯುತ್ತದೆ. ಇಡೀ ಗಾಡಿಯೇ ಒಂದು ಸನ್ನೆ. ಚಕ್ರದ ಅಚ್ಚು ಅದರ ಆಧಾರ ಬಿಂದು.

ಎತ್ತಿನ ಬದಲು ಕಾರು ಎಳೆದರೆ? ಅಮೆರಿಕದಲ್ಲಿ ರಜೆ ಬಂದರೆ ಅನೇಕರು ಮನೆಯನ್ನೇ ಎಳೆದುಕೊಂಡು ಪ್ರವಾಸ ಹೊರಡುತ್ತಾರೆ! ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವೂ ಇರುವ ಈ ಗಾಲಿಮನೆಗೆ ಟ್ರಾವೆಲ್ ಟ್ರೇಲರ್ ಎನ್ನುತ್ತಾರೆ. ಅದಕ್ಕೆ ಎಂಜಿನ್ ಇಲ್ಲ. ಕಾರಿನ ಹಿಂದಿನ ಕೊಂಡಿಗೆ ಸಿಕ್ಕಿಸಿ ಎಳೆಯುತ್ತಾರೆ. ಅದರ ಒಟ್ಟು ಭಾರದ ಶೇ. 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳುವಂತೆ ಸಾಮಾನು ಜೋಡಿಸಬೇಕೆಂಬುದು ಅಲ್ಲಿನ ರೂಢಿ. ಅಂದರೆ 2000 ಕಿ.ಗ್ರಾಂ. ಟ್ರೇಲರಿಗೆ 200ರಿಂದ 300 ಕಿ.ಗ್ರಾಂ.

ಗಾಡಿ ಹಿಂಭಾರವಾದರೆ ಎತ್ತು ನಿಧಾನವಾಗಿಯೇ ನಡೆದೀತು. ಆದರೆ ಟ್ರೇಲರ್ ಓಡುವುದು ಗಂಟೆಗೆ 80–90 ಕಿ.ಮೀ. ವೇಗದಲ್ಲಿ. ಪಕ್ಕದಲ್ಲಿ ದೊಡ್ಡ ಲಾರಿಯೊಂದು ಹಾದುಹೋದರೂ ಸಾಕು, ಗಾಳಿಯ ಹೊಡೆತಕ್ಕೆ ಟ್ರೇಲರ್ ಕೊಂಚ ವಾಲುತ್ತದೆ. ಭಾರ ಮುಂದಿದ್ದರೆ ಟೈರುಗಳು ಅದನ್ನು ಮತ್ತೆ ಸಾಲಿಗೆ ತರುತ್ತವೆ. ಭಾರ ಹಿಂದಿದ್ದರೆ? ಪಕ್ಕಕ್ಕೆ ಸರಿದ ಭಾರವಾದ ಬಾಲ ಜಡತ್ವದಿಂದಾಗಿ ನಿಲ್ಲಬೇಕಾದಲ್ಲಿ ನಿಲ್ಲದೆ ಇನ್ನೊಂದು ಬದಿಗೆ ದಾಟಿ ಹೋಗುತ್ತದೆ. ಹೋಗುವಾಗ ಕಾರಿನ ಹಿಂಭಾಗವನ್ನೂ ತಳ್ಳುತ್ತದೆ. ಜೋಕಾಲಿಯನ್ನು ಸಮಯ ನೋಡಿ ತಳ್ಳಿದಂತೆ ತೊಯ್ದಾಟ ಬೆಳೆಯುತ್ತಾ ಹೋಗುತ್ತದೆ. ವೇಗ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಹೀಗೆ ಕಾರೂ ಟ್ರೇಲರೂ ಮಗುಚಿ ಜನ ಸತ್ತಿರುವುದುಂಟು.

ಆಗ ಚಾಲಕನಿಗೆ ಕಾರಿನ ಬ್ರೇಕನ್ನು ಬಲವಾಗಿ ಒತ್ತಬೇಕೆನಿಸುತ್ತದೆ. ಒತ್ತಬಾರದು! ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೇರಿಂಗನ್ನು ಅಲುಗಾಡಿಸದೆ ಹಿಡಿದು, ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಹಾಕಬೇಕು. ಅದಕ್ಕೆಂದೇ ಚಾಲಕನ ಬಳಿ ಪುಟ್ಟ ಹಿಡಿಕೆಯೊಂದಿರುತ್ತದೆ. ಬಾಲ ಹಿಡಿದು ಹಿಂದಕ್ಕೆ ಜಗ್ಗಿದಂತಾಗಿ ಎರಡೂ ನೇರವಾಗುತ್ತವೆ. ನನಗೆ ಈ ಉಪಾಯ ಬಹಳ ಮೆಚ್ಚುಗೆ.

ಶಿಕ್ಷಕರ ತರಬೇತಿಯಲ್ಲಿ ನಾನು ಇದನ್ನು ಹೇಳಿದಾಗಲೆಲ್ಲ "ಎಷ್ಟು ಭಾರ ಹೇರಬಹುದು?" ಎಂದೇ ಕೇಳುತ್ತಾರೆ. "ಎಲ್ಲಿ?" ಎಂದು ಕೇಳುವವರು ಕಡಿಮೆ. ಒಂದು ಲೆಕ್ಕ ನೋಡಿ. ಅಚ್ಚಿನಿಂದ ಕೊಂಡಿಗೆ 4 ಮೀಟರ್ ದೂರ ಇದೆ ಎನ್ನೋಣ. ಅಚ್ಚಿನಿಂದ 3 ಮೀಟರ್ ಹಿಂದೆ 40 ಕಿ.ಗ್ರಾಂ.ನಷ್ಟು ಸೈಕಲ್ಲುಗಳನ್ನು ತೂಗುಹಾಕಿದ್ದಾರೆ. 40ನ್ನು 3ರಿಂದ ಗುಣಿಸಿ 4ರಿಂದ ಭಾಗಿಸಿದರೆ 30. ಟ್ರೇಲರಿನ ತೂಕ 40 ಕಿ.ಗ್ರಾಂ. ಹೆಚ್ಚಿತು, ಆದರೆ ಕೊಂಡಿಯ ಮೇಲಿನ ಭಾರ 30 ಕಿ.ಗ್ರಾಂ. ಇಳಿಯಿತು!

ಇನ್ನು ನಿಮ್ಮ ಸರದಿ. ಅದೇ ಟ್ರೇಲರಿನಲ್ಲಿ ಅಚ್ಚಿನಿಂದ 1 ಮೀಟರ್ ಮುಂದೆ 80 ಲೀಟರಿನ ನೀರಿನ ತೊಟ್ಟಿ ಇದೆ. ಒಂದು ಲೀಟರ್ ನೀರಿನ ತೂಕ 1 ಕಿ.ಗ್ರಾಂ. ದಾರಿಯಲ್ಲಿ ನೀರೆಲ್ಲ ಖಾಲಿಯಾದರೆ ಕೊಂಡಿಯ ಮೇಲಿನ ಭಾರ ಎಷ್ಟು ಬದಲಾಗುತ್ತದೆ? ಹೆಚ್ಚುತ್ತದೆಯೋ, ಇಳಿಯುತ್ತದೆಯೋ?