ಆಕಾಶ ಕೇರುವವರ ನಾಡಿನಲ್ಲಿ

ಲಾ ಸೆರೆನಾ ಬಿಟ್ಟು ಎಲ್ಕಿ ಕಣಿವೆಗೆ ಹೊರಳಿದ್ದೇ ತಡ, ಗುಡ್ಡಗಳೆಲ್ಲ ಬೋಳಾದವು. ಬಳ್ಳಾರಿಯ ಬಿಸಿಲು ಉಂಡವನು ನಾನು. ಅಲ್ಲಿ ಜಾಲಿಯ ನೆರಳಾದರೂ ಉಂಟು. ಚಿಲಿಯ ಈ ಮೂಲೆಯಲ್ಲಿ ಕಂದು ಬಂಡೆ, ಅಲ್ಲೊಂದು ಇಲ್ಲೊಂದು ಕಳ್ಳಿ, ತಳದಲ್ಲಿ ಮಾತ್ರ ಹೊಳೆಗುಂಟ ದ್ರಾಕ್ಷಿ ತೋಟ. ರಾತ್ರಿ ವಿಕುನ್ಯಾದಲ್ಲಿ ತಂಗಿದಾಗ ಉತ್ತರದ ಆಕಾಶದಲ್ಲಿ ಮಹಾವ್ಯಾಧ ತಲೆಕೆಳಗಾಗಿ ನಿಂತಿದ್ದ!

ಅಲ್ಲಿಂದ ಏರಿದ ಸೆರ್ರೊ ಪಾಚೋನ್ ಬೆಟ್ಟದ ಎತ್ತರ ಸುಮಾರು 2,700 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯಿಂದ ಇನ್ನೂ 700 ಮೀಟರಿಗೂ ಮೇಲೆ. ಒಣಗಾಳಿಗೆ ತುಟಿ ಒಡೆಯಿತು. ಮೋಡ ಕಟ್ಟದ ಆ ಒಣ ಹವೆಗಾಗಿಯೇ ವೆರಾ ರೂಬಿನ್ ವೀಕ್ಷಣಾಲಯ ಅಲ್ಲಿ ನಿಂತಿರುವುದು. 8.4 ಮೀಟರ್ ಅಗಲದ ಕನ್ನಡಿ, ಸಣ್ಣ ಕಾರಿನಷ್ಟಿರುವ 3,200 ಮೆಗಾಪಿಕ್ಸೆಲ್ ಕ್ಯಾಮೆರಾ. 2025ರ ಜೂನ್‌ನಲ್ಲಿ ಮೊದಲ ಚಿತ್ರಗಳು ಹೊರಬಂದಾಗ, ಹತ್ತು ಗಂಟೆ ಚಿಲ್ಲರೆಯ ವೀಕ್ಷಣೆಯಲ್ಲೇ 2,104 ಹೊಸ ಕ್ಷುದ್ರಗ್ರಹಗಳು ಸಿಕ್ಕಿದ್ದವು.

ನನ್ನನ್ನು ಬೆರಗುಗೊಳಿಸಿದ್ದು ಕನ್ನಡಿಯಲ್ಲ, ಆಮೇಲಿನ ಕೆಲಸ. ಹೊಸ ಚಿತ್ರದಿಂದ ಅದೇ ಜಾಗದ ಹಳೆಯ ಚಿತ್ರವನ್ನು ಕಳೆದರೆ ಬದಲಾದದ್ದಷ್ಟೇ ಉಳಿಯುತ್ತದೆ. ಹೊಳಪು ಏರಿದ, ಇಳಿದ, ಜಾಗ ಬಿಟ್ಟು ಸರಿದ ಒಂದೊಂದಕ್ಕೂ ಒಂದು ಅಲರ್ಟ್. ರಾತ್ರಿಯೊಂದಕ್ಕೆ ಒಂದು ಕೋಟಿಯವರೆಗೂ ಬರಬಹುದೆಂದು ಅಂದಾಜು. ಬೆಂಗಳೂರಿನಲ್ಲಿ ಮನೆಮನೆಗೆ ಹಂಚಿದರೂ ಮಿಕ್ಕೀತು. ಇಷ್ಟನ್ನು ನೋಡುವವರು ಯಾರು?

ಉತ್ತರ ಸಿಕ್ಕಿದ್ದು ಸ್ಯಾಂಟಿಯಾಗೊದಲ್ಲಿ, ಈ ಅಲರ್ಟ್‌ಗಳನ್ನು ವಿಂಗಡಿಸುವ ಅಲೆರ್ಸೆ ತಂಡದ ಪರದೆಯ ಮೇಲೆ. ಮೂರು ಪುಟ್ಟ ಚೌಕ: ಹೊಸದು, ಹಳೆಯದು, ಕಳೆದುಳಿದದ್ದು. ಮೂರನೆಯದರಲ್ಲಿ ಬರೀ ಕಪ್ಪು, ನಡುವೆ ಒಂದು ಬಿಳಿ ಚುಕ್ಕೆ. ಇಂಥ ಸಾವಿರಾರು ಚೌಕಗಳನ್ನು ತೋರಿಸಿ ಪಳಗಿಸಿದ ನ್ಯೂರಲ್ ನೆಟ್‌ವರ್ಕ್ ಚುಕ್ಕೆಯನ್ನು ಐದರಲ್ಲೊಂದು ಗುಂಪಿಗೆ ಸೇರಿಸುತ್ತದೆ: ಸೂಪರ್‌ನೋವಾ, ಹೊಳಪು ಬದಲಿಸುವ ನಕ್ಷತ್ರ, ಕ್ಷುದ್ರಗ್ರಹ, ಸಕ್ರಿಯ ಗೆಲಾಕ್ಸಿಯ ಕೇಂದ್ರ, ಇಲ್ಲವೇ ಜೊಳ್ಳು. ಕಾಸ್ಮಿಕ್ ಕಿರಣದ ಹೊಡೆತ, ಕೆಟ್ಟ ಪಿಕ್ಸೆಲ್ ಎಲ್ಲ ಜೊಳ್ಳೇ. ಮೊರ ಹಿಡಿದ ಅಜ್ಜಿಯ ಕೈಚಳಕ ಕಂಡವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಯಂತ್ರ ಹೇಳುವುದು ಮಾತ್ರ 'ಇದಾಗಿರುವ ಸಂಭವ ಇಷ್ಟು' ಎಂದಷ್ಟೇ. ಸೂಪರ್‌ನೋವಾ ಅನಿಸಿದ್ದನ್ನು ಖಗೋಳಜ್ಞರೇ ಕಣ್ಣಾರೆ ನೋಡಿ ಆರಿಸುತ್ತಾರೆ. ಅದೇ ಸರಿ.

ಚಿಲಿಯಲ್ಲಿ ಬೆಳಗಾಗುವಾಗ ನಮ್ಮಲ್ಲಿ ಇಳಿಹೊತ್ತು. ಅಲ್ಲಿ ರಾತ್ರಿ ಕಂಡ ಸೂಪರ್‌ನೋವಾ ಸ್ಫೋಟ ನಮ್ಮ ದಿಗಂತದ ಮೇಲಿದ್ದರೆ, ಕತ್ತಲಾಗುತ್ತಲೇ ಲಡಾಖಿನ ಹಾನ್ಲೆಯ ಎರಡು ಮೀಟರ್ ದೂರದರ್ಶಕ ಅದರ ಬೆನ್ನು ಹತ್ತಬಹುದು. ಆ ದೂರದರ್ಶಕವನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ. ರೂಬಿನ್ ಅಲರ್ಟ್‌ಗಳಿಗೆ ಬೀಗವಿಲ್ಲ, ಅಲೆರ್ಸೆಯ ಜಾಲತಾಣಕ್ಕೆ ಕಾಸಿಲ್ಲ. ಊರಲ್ಲೇ ಕೂತು ಒಮ್ಮೆ ತೆರೆದು ನೋಡಿ.