ಹಡಗು ವಿಮಾನ ನಿಲ್ದಾಣದಲ್ಲಿದೆ ಎಂದಿತು ಪರದೆ

2017ರ ಜೂನ್ ತಿಂಗಳು. ಧಾನ್ಯ ತುಂಬಿಕೊಳ್ಳಲು ನಮ್ಮ ಹಡಗು ಕಪ್ಪು ಸಮುದ್ರದಲ್ಲಿ ರಷ್ಯಾದ ನೊವೊರೊಸಿಸ್ಕ್ ಬಂದರಿನತ್ತ ಸಾಗುತ್ತಿತ್ತು. ನಾನಾಗ ಥರ್ಡ್ ಆಫೀಸರ್. ಬೆಳಿಗ್ಗೆ ಎಂಟರಿಂದ ಹನ್ನೆರಡರ ವಾಚ್, ಅಂದರೆ ಕಾವಲಿನ ಪಾಳಿ, ನನ್ನದು. ಹವೆ ತಿಳಿಯಾಗಿತ್ತು. ಕಾಕಸಸ್ ಬೆಟ್ಟಸಾಲು ಬರಿಗಣ್ಣಿಗೇ ಕಾಣುತ್ತಿತ್ತು.

ಇದ್ದಕ್ಕಿದ್ದಂತೆ ಜಿಪಿಎಸ್ ಅಲಾರಂ ಹೊಡೆದುಕೊಂಡಿತು. ಎಕ್ಡಿಸ್ ಎಂದರೆ ಕಾಗದದ ನಕಾಶೆಯ ಜಾಗಕ್ಕೆ ಬಂದ ಎಲೆಕ್ಟ್ರಾನಿಕ್ ಚಾರ್ಟ್. ಅದರ ಪರದೆಯಲ್ಲಿ ನಮ್ಮ ಹಡಗು ನೀರು ಬಿಟ್ಟು, ಹಲವು ಮೈಲಿ ಆಚೆ ಗೆಲೆಂಜಿಕ್ ವಿಮಾನ ನಿಲ್ದಾಣದಲ್ಲಿತ್ತು! ಎರಡನೇ ಜಿಪಿಎಸ್ ನೋಡಿದೆ, ಅದೂ ಅದನ್ನೇ ಹೇಳಿತು. ಹಡಗುಗಳು ತಮ್ಮ ಸ್ಥಾನವನ್ನು ಪರಸ್ಪರ ತಿಳಿಸುವ ಎಐಎಸ್ ವ್ಯವಸ್ಥೆಯಲ್ಲಿ ಸುತ್ತಲಿನ ಹಡಗುಗಳೂ ಅಲ್ಲೇ ಒಂದರ ಮೇಲೊಂದು ಬಿದ್ದಿದ್ದವು.

ಕ್ಯಾಪ್ಟನ್‌ರನ್ನು ಕರೆದೆ. ಕಾರವಾರದವರು, ಕಾಗದದ ಚಾರ್ಟಿನ ಕಾಲದಲ್ಲಿ ಕಲಿತವರು. ಹಡಗು ನಡೆಸುವ ಕೋಣೆಯಾದ ಬ್ರಿಜ್‌ಗೆ ಬಂದವರೇ, "ತಮ್ಮಾ, ಪರದೆ ಬಿಡು. ಕಿಟಕಿಯಿಂದ ಏನು ಕಾಣ್ತದೆ ಹೇಳು" ಎಂದರು.

"ಬೆಟ್ಟ ಕಾಣ್ತದೆ ಸರ್. ರೇಡಾರ್‌ನಲ್ಲಿ ದಡ ಸರಿಯಾಗೇ ಬರ್ತಾ ಇದೆ."

"ಅಷ್ಟು ಸಾಕು. ಇನ್ನು ಅದನ್ನೇ ಹಿಡಿದು ಹೋಗುವಾ."

ಆಟೋಪೈಲಟ್ ತೆಗೆದು ಚುಕ್ಕಾಣಿಯನ್ನು ನಾವಿಕನ ಕೈಗೆ ಕೊಟ್ಟೆವು. ವೇಗ ಇಳಿಸಿದೆವು. ದಡದ ಗುರುತುಗಳ ದೂರ, ದಿಕ್ಕನ್ನು ರೇಡಾರ್‌ನಿಂದಲೂ ಕಂಪಾಸ್‌ನಿಂದಲೂ ಅಳೆದು, ಕೆಲವೇ ನಿಮಿಷಕ್ಕೊಮ್ಮೆ ನಮ್ಮ ಸ್ಥಾನ ಗುರುತಿಸುತ್ತ ಹೋದೆವು. ವಿಎಚ್‌ಎಫ್ ರೇಡಿಯೋದಲ್ಲಿ ವಿಚಾರಿಸಿದರೆ ಅಕ್ಕಪಕ್ಕದ ಹಡಗಿನವರದೂ ಅದೇ ಪಾಡು. ಆ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಹಡಗುಗಳಿಗೆ ಹೀಗಾಗಿತ್ತೆಂದು ಆಮೇಲೆ ಪತ್ರಿಕೆಗಳಲ್ಲಿ ಬಂತು. ಉಪಗ್ರಹದಿಂದ ಇಳಿದು ಬರುವ ಜಿಪಿಎಸ್ ಸಂಕೇತ ಬಹಳ ಕ್ಷೀಣ. ಅದೇ ರೂಪದ ಸುಳ್ಳು ಸಂಕೇತವನ್ನು ಯಾರಾದರೂ ಜೋರಾಗಿ ಬಿಟ್ಟರೆ ರಿಸೀವರ್ ಅದನ್ನೇ ನಂಬಿಬಿಡುತ್ತದೆ.

ಆ ಕಳವಳ ಆರುವ ಮುನ್ನವೇ ಜೂನ್ 27 ಬಂತು. ಉಕ್ರೇನಿನ ಒಂದು ಲೆಕ್ಕಪತ್ರ ಸಾಫ್ಟ್‌ವೇರ್ ಮೂಲಕ ಹರಡಿದ ನಾಟ್‌ಪೆಟ್ಯಾ ಎಂಬ ವೈರಸ್ ಹಡಗು ಸಾಗಣೆಯ ಮರ್ಸ್ಕ್ ಕಂಪನಿಯ ಕಂಪ್ಯೂಟರ್‌ಗಳನ್ನು ಪ್ರಪಂಚದಾದ್ಯಂತ ಕೆಡವಿತು. ಮುಂಬೈ ಬಳಿಯ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್‌ನಲ್ಲೂ ಕೆಲಸ ನಿಂತಿತು. ಹತ್ತು ದಿನಗಳಲ್ಲಿ 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು ಹೊಸದಾಗಿ ಕಟ್ಟಬೇಕಾಯಿತೆಂದು ಕಂಪನಿಯ ಅಧ್ಯಕ್ಷರೇ ಮುಂದೆ ಹೇಳಿದರು. ಇಡೀ ಜಾಲಕ್ಕೆ ಕೀಲಿಯಂತಿದ್ದ ಮಾಹಿತಿಯ ಒಂದು ಪ್ರತಿ ಉಳಿದದ್ದು ಘಾನಾದ ಕಚೇರಿಯಲ್ಲಿ. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟು ಹೋಗಿ, ಅದಿದ್ದ ಯಂತ್ರ ಜಾಲದಿಂದ ಹೊರಗಿತ್ತು.

ಸುದ್ದಿ ತಿಳಿದ ಸಂಜೆ ಕ್ಯಾಪ್ಟನ್ ಎಲ್ಲರನ್ನೂ ಮೆಸ್ಸಿಗೆ ಕರೆದರು. ಚಾರ್ಟ್ ಅಪ್‌ಡೇಟ್‌ಗೆಂದೇ ಒಂದು ಪೆನ್‌ಡ್ರೈವ್ ಬೇರೆ ಇಟ್ಟರು. ವೈರಸ್ ತಪಾಸಣೆಯಾಗದೆ ಅದನ್ನು ಎಕ್ಡಿಸ್‌ಗೆ ಹಾಕುವಂತಿಲ್ಲ. ಬ್ರಿಜ್, ಎಂಜಿನ್ ಕಂಟ್ರೋಲ್ ರೂಮಿನ ಯಂತ್ರಗಳಲ್ಲಿ ಫೋನ್ ಚಾರ್ಜ್ ಮಾಡುವುದು ಅಂದಿಗೆ ಮುಗಿಯಿತು. ರಿಪೇರಿಗೆ ಬರುವ ತಂತ್ರಜ್ಞರ ಲ್ಯಾಪ್‌ಟಾಪ್ ಕೂಡ ಕೇಳದೆ ಜೋಡಿಸುವಂತಿಲ್ಲ. "ಇದೂ ವಾಚ್ ಕಾಯುವ ಕೆಲಸವೇ. ಕಂಪ್ಯೂಟರಿನವರು ನೋಡಿಕೊಳ್ತಾರೆ ಅಂತ ಕೂರಬೇಡಿ, ನಡುಗಡಲಲ್ಲಿ ಅವರು ಸಿಗೋದಿಲ್ಲ" ಎಂದರು.

ಅಂತರರಾಷ್ಟ್ರೀಯ ಕಡಲ ಸಂಸ್ಥೆ ಐಎಂಒ ಅದೇ ಜೂನ್‌ನಲ್ಲಿ ಸೈಬರ್ ಅಪಾಯದ ಕುರಿತು ನಿರ್ಣಯ ಮಾಡಿತ್ತು. ಅದರಂತೆ 2021ರಿಂದ ಹಡಗಿನ ಸುರಕ್ಷತಾ ವ್ಯವಸ್ಥೆಯಲ್ಲೇ ಇದು ಸೇರಿದೆ; ಆಡಿಟ್‌ನಲ್ಲಿ ಕೇಳುತ್ತಾರೆ. ಆದರೆ ಫೈಲಿನಲ್ಲಿರುವ ನಿಯಮ ಬ್ರಿಜ್‌ನಲ್ಲಿ ನಿಂತವನಿಗೆ ಅಭ್ಯಾಸವಾಗದಿದ್ದರೆ ಹಡಗನ್ನು ಕಾಯಲಾರದು. ಜಿಪಿಎಸ್ ದಾರಿ ತಪ್ಪಿಸಿದ ಆ ಬೆಳಿಗ್ಗೆ ನಮ್ಮನ್ನು ಉಳಿಸಿದ್ದು ಕ್ಯಾಪ್ಟನ್‌ರ ಹಳೆಯ ಅಭ್ಯಾಸ.

ಹಡಗು ಹತ್ತಲು ಹೊರಟಿರುವ ನಮ್ಮ ಕರಾವಳಿಯ ಮಕ್ಕಳಿಗೆ ನನ್ನ ಮಾತು ಇಷ್ಟೇ: ಪ್ರತಿ ವಾಚ್‌ನಲ್ಲೂ ಜಿಪಿಎಸ್ ಹೇಳಿದ್ದನ್ನು ರೇಡಾರ್ ಜೊತೆ, ಕಣ್ಣಿಗೆ ಕಾಣುವ ದಡದ ಜೊತೆ ತಾಳೆ ನೋಡಿ. ಗೊತ್ತಿಲ್ಲದ ಪೆನ್‌ಡ್ರೈವ್ ಚುಚ್ಚಲು ಎಷ್ಟೇ ಹಿರಿಯರು ಹೇಳಲಿ, ಆಗುವುದಿಲ್ಲ ಎನ್ನಿ.