ಇಳಿಯಲು ಒಂದು ಬಯಲು

ನಮ್ಮ ದಾದಾ ಶಿಕಾರಿಯ ಕಥೆ ಹೇಳಲು ಕುಳಿತರೆ ಅದರಲ್ಲಿ ಹುಲಿ, ಚಿರತೆಗಳ ಮಾತೇ ಇರುತ್ತಿರಲಿಲ್ಲ. ಹುಮನಾಬಾದಿನ ಎರೆಹೊಲಗಳಿಗೆ ಹುಲಿ ಎಲ್ಲಿಂದ ಬರಬೇಕು? ಅವರ ಕಥೆಯ ನಾಯಕ ಒಂದು ಹಕ್ಕಿ. ಅದನ್ನು ಅವರು ತುಗ್ದಾರ್ ಎನ್ನುತ್ತಿದ್ದರು. ಮೂರಡಿ ಎತ್ತರ, ಬಿಳಿ ಕುತ್ತಿಗೆ, ತಲೆಯ ಮೇಲೆ ಕರಿ ಟೋಪಿ, ನಡಿಗೆಯಲ್ಲಿ ನವಾಬರ ಗತ್ತು. ಎತ್ತಿನ ಬಂಡಿಯ ಮರೆಯಲ್ಲಿ ಹೋದರೆ ಮಾತ್ರ ಹತ್ತಿರ ಬರಗೊಡುತ್ತಿತ್ತಂತೆ. ಒಂದು ಗುಂಡು, ಒಂದು ಹಕ್ಕಿ, ನಾಲ್ಕು ಮನೆಗಳ ದಸ್ತರಖಾನ್. "ಅಂಥ ಗೋಶ್ತ್ ಮತ್ತೆ ಬಾಯಿಗೆ ಬೀಳಲಿಲ್ಲ" ಎಂದು ದಾದಾ ಹಲ್ಲಿಲ್ಲದ ಬಾಯಿ ಚಪ್ಪರಿಸುವಾಗ ನಾವು ಮೊಮ್ಮಕ್ಕಳೆಲ್ಲ ಜೊಲ್ಲು ನುಂಗುತ್ತಿದ್ದೆವು. ಮುಂದೆ, ಖರ್ಚಲ್ ಎಂಬ ಹಕ್ಕಿಯ ಮೈಯೆಲ್ಲ ರುಚಿಯೆಂದು ಬಾಬರ್ ಬರೆದಿಟ್ಟಿದ್ದಾನೆಂದೂ ಅದು ಇದೇ ಹಕ್ಕಿಯೆಂದೂ ತಿಳಿದಾಗ ನಮಗೆ ನಗು ಬಂದಿತ್ತು. ದಾದಾ ಮತ್ತು ಬಾದಶಹ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡಂತಾಗಿತ್ತು.

ಆ ನಗು ನಿಂತದ್ದು ಮಗಳಿಂದ. ಶಾಲೆಯ ಪ್ರಾಜೆಕ್ಟಿಗೆಂದು ಅವಳು ಓರ್ಕಾ ತಿಮಿಂಗಿಲಗಳ ಬಗ್ಗೆ ಓದುತ್ತಿದ್ದಳು. ಅಮೆರಿಕ ಮತ್ತು ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಅವುಗಳ ಒಂದು ಕುಲವಿದೆ. ಉಳಿದಿರುವುದು ಸುಮಾರು 75. 2018ರಲ್ಲಿ ಆ ಕುಲದ ಒಂದು ತಾಯಿ, ಹುಟ್ಟಿದ ಕೂಡಲೇ ಸತ್ತ ಮರಿಯನ್ನು ನೀರಿಗೆ ಬಿಡದೆ 17 ದಿನ ಹೊತ್ತು ತಿರುಗಿತು. ಅವುಗಳ ಸಂಖ್ಯೆ ಏಕೆ ಹೆಚ್ಚುತ್ತಿಲ್ಲ ಎಂದು ತಿಳಿಯಲು ವಿಜ್ಞಾನಿಗಳು ಅವುಗಳ ಲದ್ದಿಯನ್ನು ಹುಡುಕಿದರು. ವಾಸನೆ ಹಿಡಿಯಲು ದೋಣಿಯ ಮೂತಿಯಲ್ಲಿ ಒಂದು ನಾಯಿಯನ್ನು ನಿಲ್ಲಿಸಿಕೊಂಡು ಸಮುದ್ರ ಸುತ್ತಿದರು. 2008ರಿಂದ 2014ರವರೆಗಿನ ಆ ಪರೀಕ್ಷೆಯಲ್ಲಿ ತಿಳಿದುಬಂದದ್ದು: ಮೂರರಲ್ಲಿ ಎರಡು ಬಸಿರು ನಿಲ್ಲುತ್ತಲೇ ಇಲ್ಲ. ದೊಡ್ಡ ಕಾರಣ ಹಸಿವು. ಅವು ತಿನ್ನುವ ಚಿನೂಕ್ ಸಾಲ್ಮನ್ ಮೀನು ನದಿಗಳಲ್ಲಿ, ಕಡಲಲ್ಲಿ ಕಡಿಮೆಯಾಗಿದೆ.

"ಅಬ್ಬಾ, ನಮ್ಮ ಕಡೆ ಹೀಗೆ ಕಡಿಮೆ ಆಗಿರೋದು ಯಾವುದು?" ಎಂದಳು ಮಗಳು. ನಮ್ಮ ಬಾಯಿಗೆ ಬಂದದ್ದು ದಾದಾನ ತುಗ್ದಾರ್.

ಕನ್ನಡದಲ್ಲಿ ಇದನ್ನು ಎರೆಭೂತ, ದೊರವಾಯನ ಹಕ್ಕಿ ಎನ್ನುತ್ತಾರೆ, ಮರಾಠಿಯಲ್ಲಿ ಮಾಳಢೋಕ. ಇದನ್ನೇ ರಾಷ್ಟ್ರಪಕ್ಷಿ ಮಾಡಬೇಕೆಂದು ಸಲೀಂ ಅಲಿ ಬಯಸಿದ್ದರು; 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. 1969ರಲ್ಲಿ ದೇಶದಲ್ಲಿ ಸುಮಾರು 1,260 ಹಕ್ಕಿಗಳಿವೆ ಎಂದು ಅಂದಾಜಿತ್ತು. ಐವತ್ತು ವರ್ಷಗಳಲ್ಲಿ ಅದು 150ರ ಆಸುಪಾಸಿಗೆ ಇಳಿಯಿತು, ಅದರಲ್ಲಿ ಹೆಚ್ಚಿನವು ರಾಜಸ್ಥಾನದಲ್ಲಿ. ನಮ್ಮ ರಾಜ್ಯದಲ್ಲಿ ಬಳ್ಳಾರಿಯ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು. ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ನಾಯಿ, ನರಿ, ನೇಗಿಲು, ಯಾವುದು ಮುಟ್ಟಿದರೂ ಆ ವರ್ಷ ಮುಗಿಯಿತು. ಎದುರಿಗಿರುವುದು ಅದರ ಕಣ್ಣಿಗೆ ಸರಿಯಾಗಿ ಕಾಣದು, ಮೈ ಭಾರ. ಹಾರುವಾಗ ವಿದ್ಯುತ್ ತಂತಿ ಎದುರಾದರೆ ತಿರುಗಿಕೊಳ್ಳಲಾರದು.

ಈ ಹಕ್ಕಿಗಾಗಿಯೂ ಸಂಶೋಧಕರು ಕುಳಿತಿದ್ದಾರೆ. ಭಾರತೀಯ ವನ್ಯಜೀವಿ ಸಂಸ್ಥೆಯವರು ರಾಜಸ್ಥಾನದ ಅರಣ್ಯ ಇಲಾಖೆಯೊಂದಿಗೆ ಸೇರಿ 2019ರಿಂದ ಜೈಸಲ್ಮೇರಿನ ಸಮ್‌ನಲ್ಲಿ, ಬಯಲಿನಿಂದ ಮೊಟ್ಟೆ ಆಯ್ದು ತಂದು ಮರಿ ಮಾಡಿಸುತ್ತಿದ್ದಾರೆ. 2024ರ ಅಕ್ಟೋಬರಿನಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹೊರಬಂತು. ಆ ವಿದ್ಯೆ ಕಲಿತದ್ದು ಅಬುಧಾಬಿಯಲ್ಲಿ. ಅಲ್ಲಿನ ಅರಬರು ತಲೆಮಾರುಗಳಿಂದ ಗಿಡುಗ ಬಿಟ್ಟು ಬೇಟೆಯಾಡಿದ ಹುಬಾರಾ ಇದೇ ಹಕ್ಕಿಯ ಬಳಗ. ಅದು ಮುಗಿಯುತ್ತ ಬಂದಾಗ, ಗಿಡುಗದ ಬೇಟೆಯನ್ನು ಪ್ರೀತಿಸುತ್ತಿದ್ದ ಶೇಖ್ ಝಾಯೆದ್ 1970ರ ದಶಕದಲ್ಲಿ ಅದನ್ನು ಸಾಕಿ ಬೆಳೆಸುವ ಕೆಲಸ ಶುರು ಮಾಡಿಸಿದರು. ಬೇಟೆಯವರ ಕೈಯೇ ಮೊಟ್ಟೆಗೆ ಕಾವು ಕೊಡಲು ಕಲಿತ ಈ ಸಂಗತಿ ನಮ್ಮನ್ನು ಬಹಳ ಹೊತ್ತು ಸುಮ್ಮನೆ ಕೂರಿಸಿತು. ದಾದಾನ ಬಾಕಿ ಯಾರ ಲೆಕ್ಕದಲ್ಲಿದೆ?

ಹೋದ ಚಳಿಗಾಲ ಮಗಳನ್ನು ಕರೆದುಕೊಂಡು ಹೊರಟೆವು. ಸಸ್ತಾಪೂರ ಬಂಗ್ಲಾ, ಉಮರ್ಗಾ, ನಳದುರ್ಗ ದಾಟಿ ಸೊಲ್ಲಾಪುರ, ಅಲ್ಲಿಂದ ನಾನ್ನಜ್. 1979ರಲ್ಲಿ ಈ ಹಕ್ಕಿಗೆಂದೇ ಘೋಷಿಸಿದ ಅಭಯಾರಣ್ಯ ಅಲ್ಲಿದೆ. ಒಣಹುಲ್ಲು ಬಂಗಾರದಂತೆ ಹೊಳೆಯುತ್ತಿತ್ತು. ಕೃಷ್ಣಮೃಗಗಳ ಹಿಂಡು ಕಂಡಿತು. ಹಕ್ಕಿ ಕಾಣಲಿಲ್ಲ. ಕಾವಲುಗಾರ ಚಾಚಾ ಅರ್ಧ ಮರಾಠಿ, ಅರ್ಧ ಹಿಂದಿಯಲ್ಲಿ ಹೇಳಿದರು: "ಹಕ್ಕಿ ನಮ್ಮ ಕೈಯಲ್ಲಿಲ್ಲ ಸಾಹೇಬ್. ನಾವು ಹುಲ್ಲು ಕಾಯುತ್ತೇವೆ."

ಮರಳುವಾಗ ದಾರಿಯುದ್ದಕ್ಕೂ ಕಂಬ, ತಂತಿ, ಕಬ್ಬು, ಪ್ಲಾಟಿನ ಕಲ್ಲುಗಳು. ನಮಗೆ ದಾದಾನ ಬಂದೂಕಿನ ಮೇಲಿನ ಸಿಟ್ಟು ಕಡಿಮೆಯಾಯಿತು. ಬಂದೂಕು ಕೊಂದದ್ದು ಕೆಲವು ಹಕ್ಕಿ. ಅದು ಇಳಿಯುವ ನೆಲವನ್ನೇ ತೆಗೆದವರು ಆಮೇಲಿನವರು, ಅಂದರೆ ನಾವು. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ದಾರಿಯಲ್ಲಿ ನಮ್ಮ ಬೀಡುಭೂಮಿಯಿತ್ತು, ದಾದಾ ತುಗ್ದಾರ್ ಹೊಡೆದದ್ದು ಅಲ್ಲೇ. ಅಬ್ಬಾ ಅದರ ಬಹುಭಾಗ ಉಳಿಸಿ ಕಬ್ಬು ಹಾಕಿದರು. ಆ ಕಬ್ಬಿನ ದುಡ್ಡಿನಲ್ಲೇ ನಾವು ಓದಿದ್ದು, ಈ ನಾಲ್ಕಕ್ಷರ ಬರೆಯಲು ಕಲಿತದ್ದು. ಅದನ್ನು ತಪ್ಪೆನ್ನಲು ನಮ್ಮ ನಾಲಿಗೆ ಏಳುವುದಿಲ್ಲ. ಉಳಿದದ್ದು ಎರಡೆಕರೆ ಹುಲ್ಲು.

ಅದಕ್ಕೂ ಗಿರಾಕಿ ಬಂದಿದ್ದಾರೆ. ಎನ್.ಎ. ಮಾಡಿಸಿ ಪ್ಲಾಟು ಹಾಕುತ್ತಾರಂತೆ. ಬಸವಕಲ್ಯಾಣದಲ್ಲಿರುವ ಭಾಯಿಜಾನ್ ಬಯಾನಾ ಪತ್ರ ಹಿಡಿದು ಬಂದರು. ಅವರಿಗೂ ಕಷ್ಟವಿದೆ, ಮಗಳ ಮದುವೆಯಿದೆ. ನಾವು ಸಹಿ ಹಾಕದೆ ನಾನ್ನಜಿನ ಮಾತು ಹೇಳಿದೆವು.

"ಎರಡೆಕರೆಗೆ ಆ ಹಕ್ಕಿ ಬರ್ತದೇನೋ?" ಎಂದರು ಅವರು.

"ಬರಲಿಕ್ಕಿಲ್ಲ ಭಾಯಿಜಾನ್. ಅದಕ್ಕೆ ಮೈಲುಗಟ್ಟಲೆ ಬಯಲು ಬೇಕು. ಆದರೆ ಎಲ್ಲರ ಎರಡೆಕರೆ ಹೀಗೇ ಹೋದದ್ದಕ್ಕೇ ಅಲ್ವಾ, ಆ ಬಯಲು ಇಲ್ಲದಾಗಿದ್ದು? ಜೈಸಲ್ಮೇರಿನಲ್ಲಿ ಮರಿ ಮಾಡಿ ಬೆಳೆಸ್ತಾ ಇದ್ದಾರೆ. ನಾಳೆ ಅದನ್ನ ಎಲ್ಲಿ ಬಿಡಬೇಕು?"

ಭಾಯಿಜಾನ್ ಉತ್ತರ ಕೊಡಲಿಲ್ಲ. ಚಹಾ ಕುಡಿದು, ಪತ್ರವನ್ನು ನಮ್ಮ ಮೇಜಿನ ಮೇಲೆಯೇ ಬಿಟ್ಟು ಹೋದರು. ಅದು ಇನ್ನೂ ಅಲ್ಲೇ ಇದೆ. ಮದುವೆಯ ಖರ್ಚಿಗೆ ಬೇರೆ ದಾರಿ ಏನೆಂದು ನಾವಿಬ್ಬರೂ ಲೆಕ್ಕ ಹಾಕುತ್ತಿದ್ದೇವೆ. ಮಗಳು ದಿನವೂ ಅದರ ಮೇಲೆ ಪೇಪರ್‌ವೇಟ್ ಸರಿಯಾಗಿದೆಯೇ ಎಂದು ನೋಡುತ್ತಾಳೆ.